ಹೊಗೆಕೊಳವೆಯ ಬಿರುಕು

ಮಳೆಗಾಲದ ಬೆಳಗುಗಳಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ತರಗತಿಗೆ ಬರುವ ಮಕ್ಕಳನ್ನು ನಾವು ವರ್ಷವೂ ಕಾಣುತ್ತೇವೆ. ಕಾರಣವನ್ನು ವಿಚಾರಿಸಿದರೆ, “ಬಚ್ಚಲೊಲೆಯ ಹೊಗೆ, ಮಾಷ್ಟ್ರೇ” ಎಂಬ ಉತ್ತರ. ಅಡಿಗೆಮನೆಗೆ ಗ್ಯಾಸು ಬಂದಿದ್ದರೂ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಂಡೆಯ ನೀರು ಕಾಯುವುದು ಇಂದಿಗೂ ತೆಂಗಿನ ಮಡಲಿನಿಂದಲೇ. “ಕೊಳವೆ ಇಟ್ಟಿದ್ದೇವೆ, ಆದರೂ ಹೊಗೆ ಒಳಗೇ ತುಂಬುತ್ತದೆ” ಎಂದು ಪೋಷಕರು ಹೇಳುವುದುಂಟು. ಆದುದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರಿಸಬಯಸುತ್ತೇವೆ.

ಕಾಯ್ದ ಗಾಳಿ ಹಗುರ. ಕೊಳವೆಯೊಳಗಿನ ಬಿಸಿಗಾಳಿಯು ಹೊರಗಿನ ಅಷ್ಟೇ ಎತ್ತರದ ತಣ್ಣನೆಯ ಗಾಳಿಗಿಂತ ಕಡಮೆ ತೂಗುತ್ತದೆ. ಈ ವ್ಯತ್ಯಾಸವೇ ಒಲೆಯ ಬಾಯಿಂದ ಗಾಳಿಯನ್ನು ಒಳನೂಕಿ ಹೊಗೆಯನ್ನು ಮೇಲಕ್ಕೇರಿಸುವ ಬಲ. ಕೊಳವೆ ಬಿರಿದರೆ ಬಿರುಕಿನಿಂದ ಹೊಗೆ ಹೊರಬರುವುದೆಂದು ಸಾಮಾನ್ಯವಾದ ಊಹೆ. ಬಹುಮಟ್ಟಿಗೆ ನಡೆಯುವುದು ಇದಕ್ಕೆ ವಿರುದ್ಧ. ಒಳಗಿನ ಒತ್ತಡವು ಕಡಮೆಯಿರುವುದರಿಂದ ಕೋಣೆಯ ತಣ್ಣನೆಯ ಗಾಳಿಯು ಬಿರುಕಿನ ಮೂಲಕ ಒಳಹೊಗುತ್ತದೆ, ಹೊಗೆ ಆರುತ್ತದೆ, ಸೆಳೆತ ಕುಗ್ಗುತ್ತದೆ. ಏರಲಾರದ ಹೊಗೆಯು ಒಲೆಯ ಬಾಯಿಂದಲೇ ಹಿಂದಿರುಗುತ್ತದೆ. ದೋಷವಿರುವುದು ಹಂಡೆಯ ಹಿಂದೆ, ಮನೆಯವರು ಊದುತ್ತ ಕೂರುವುದು ಮುಂದೆ!

ಬಿರುಕನ್ನು ಹುಡುಕಲು ಒಂದು ಊದುಬತ್ತಿ ಸಾಕು. ಬೆಂಕಿ ಚೆನ್ನಾಗಿ ಉರಿಯುವಾಗ ಅದನ್ನು ಕೀಲುಗಳ ಉದ್ದಕ್ಕೂ ಮೆಲ್ಲನೆ ಒಯ್ಯಬೇಕು. ಅದರ ಹೊಗೆ ಎಲ್ಲಿ ಅಡ್ಡಕ್ಕೆ ಸೆಳೆಯಲ್ಪಡುವುದೋ ಅಲ್ಲಿ ಸೀಮೆಸುಣ್ಣದ ಗುರುತು ಮಾಡಿ. ಹಿರಿಯರು ಜೊತೆಗಿದ್ದರೆ ವಿದ್ಯಾರ್ಥಿಗಳೂ ಇದನ್ನು ಮಾಡಬಹುದು.

ಮುಚ್ಚುವ ಮೊದಲು, ಒಲೆ ಪೂರ್ತಿ ಆರಿದ ಮೇಲೆ, ಬಿದಿರಿನ ಕೋಲಿಗೆ ಹಿಡಿಸೂಡಿ ಕಟ್ಟಿ ಒಳಗಿನ ಮಸಿಯನ್ನು ಕೆಡವಬೇಕು. ಹಸಿ ಸೌದೆ ಉರಿಸುವವರ ಕೊಳವೆ ಬಲುಬೇಗ ಕಟ್ಟುತ್ತದೆ. ಬಿರುಕಿಗೆ ಬರಿಯ ಸಿಮೆಂಟು ಹಚ್ಚುವುದು ನಮಗೆ ಸರಿದೋರದು. ಕಾಯ್ದು ಆರಿ ಅದು ಮತ್ತೆ ಸೀಳುತ್ತದೆ. ಜೇಡಿಮಣ್ಣು, ಮರಳು, ಸೆಗಣಿ, ಸಣ್ಣಗೆ ಕತ್ತರಿಸಿದ ಬೈಹುಲ್ಲು ಇವನ್ನು ಕಲಸಿ ಒಂದು ರಾತ್ರಿ ನೆನೆಯಿಸಿರಿ. ಬಿರುಕನ್ನು ಕೆರೆದು, ನೀರು ಚಿಮುಕಿಸಿ, ಒಳಕ್ಕೆ ಒತ್ತಿ ತುಂಬಿರಿ. ನೆರಳಿನಲ್ಲಿ ಒಣಗಿದ ಮೇಲೆ ಕೂದಲೆಳೆಯ ಸೀಳುಗಳು ಕಂಡರೆ ತೆಳುವಾಗಿ ಇನ್ನೊಮ್ಮೆ ಸಾರಿಸಿರಿ. ತುಕ್ಕು ತಿಂದ ತಗಡಿನ ಕೊಳವೆಗೆ ತೇಪೆ ವ್ಯರ್ಥ. ಹಳೆಯ ಕಲ್ನಾರಿನ ಕೊಳವೆಯನ್ನಾದರೋ ಕೆರೆಯಲೂ ಕೂಡದು, ಗರಗಸದಿಂದ ಕೊಯ್ಯಲೂ ಕೂಡದು, ಒಳಗೆ ಮಸಿ ಗುಡಿಸಲೂ ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ.

ಹೊಗೆಯಿಲ್ಲದ ಒಲೆಯ ಯೋಚನೆ ಹೊಸದಲ್ಲ. ೧೯೫೩ರಷ್ಟು ಹಿಂದೆಯೇ ಹೈದರಾಬಾದಿನ ಎಸ್. ಪಿ. ರಾಜು ಅವರು ಕೊಳವೆಯುಳ್ಳ ಮಣ್ಣಿನ ಒಲೆಯನ್ನು ಕುರಿತು ಪುಸ್ತಕ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದಿಂದ ಅಸ್ತ್ರ ಒಲೆ ಬಂದಿತು. ಒಲೆಯನ್ನು ಕಟ್ಟಿಕೊಟ್ಟವರು ವರ್ಷವರ್ಷವೂ ಬಂದು ಬಿರುಕು ಮುಚ್ಚಲಾರರಷ್ಟೆ.

ಕಣ್ಣುರಿಗಿಂತ ಮಿಗಿಲಾದ ಅಪಾಯವೊಂದುಂಟು. ಗಾಳಿ ಸಾಲದೆ ಉರಿಯುವ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಅದಿರಬಹುದು. ಒಲೆಯಿರುವ ಬಚ್ಚಲಿನ ಕಿಟಕಿಯನ್ನು ಚಳಿಯೆಂದು ಎಂದೂ ಮುಚ್ಚಬೇಡಿ. ಸ್ನಾನದ ನಡುವೆ ತಲೆನೋವು, ವಾಕರಿಕೆ, ತಲೆಸುತ್ತು ತೋರಿದರೆ ನೀರು ಸುರಿದುಕೊಳ್ಳುತ್ತ ನಿಲ್ಲದೆ ಕೂಡಲೇ ಹೊರಗೆ ಬನ್ನಿ, ಮನೆಯವರನ್ನು ಕೂಗಿರಿ.