ಬೆಂಡೆಯ ಹಳದಿ ನಂಜು ಮತ್ತು ಅದರ ಉಪಗ್ರಹ

ಹುಮನಾಬಾದು ಸೀಮೆಯ ಘಾಟಬೋರಾಳದಂಥ ಊರಿನ ಹೊಲದಲ್ಲಿ ಬೆಂಡೆಯ ಎಲೆನರಗಳು ಹಳದಿಗೊಂಡು ಕಾಯಿ ಬಿಳಿಚಿದರೆ, ಅದು ಹಳದಿ ನಂಜುರೋಗವೆಂದು ಒಕ್ಕಲಿಗನು ಅರಿಯುವನು. ಮುಂಬಯಿ ಪ್ರಾಂತದಲ್ಲಿ ಈ ರೋಗವು 1924ರಲ್ಲಿಯೇ ದಾಖಲಾಗಿತ್ತು. ಬಿಳಿನೊಣವು ಹರಡುವ ವೈರಾಣುವೊಂದೇ ಇದಕ್ಕೆ ಕಾರಣವೆಂದು ಬಹುಕಾಲ ಎಣಿಸಲಾಗಿದ್ದಿತು. ಮಧುರೆಯ ಕಾಮರಾಜ ವಿಶ್ವವಿದ್ಯಾಲಯದ ಜೋಸ್ ಮತ್ತು ಉಷಾ ಎಂಬ ಸಂಶೋಧಕರು 2003ರಲ್ಲಿ ಬೇರೊಂದು ನಿರ್ಣಯವನ್ನು ಪ್ರಕಟಿಸಿದರು. ವೈರಾಣು ಒಂಟಿಯಾಗಿದ್ದಾಗ ಎಲೆ ಕೊಂಚ ಮುರುಟಿತು. 'ಬೀಟಾ ಉಪಗ್ರಹ'ವೆಂಬ ಡಿ.ಎನ್.ಎ. ಅಣುವು ಜೊತೆಗೂಡಿದಾಗಲೇ ಹಳದಿ ನರಗಳು ಕಾಣಿಸಿಕೊಂಡವು.

ಈ ಉಪಗ್ರಹವು ಸುಮಾರು 1,350 ಘಟಕಗಳುಳ್ಳ, ಒಂದೇ ಎಳೆಯ ಬಳೆ. ಇದರ ವೃದ್ಧಿಗೂ ಕವಚಕ್ಕೂ ವೈರಾಣುವೇ ಆಶ್ರಯ. ವ್ಯಾಕರಣದ ಉಪಸರ್ಗವೂ ಇಂಥದೇ. ಅದು ತಾನಾಗಿ ನಿಲ್ಲದು. ಆದರೆ 'ಹೃ' ಧಾತುವಿಗೆ ಸೇರಿ ಆಹಾರ, ವಿಹಾರ, ಸಂಹಾರಗಳೆಂಬ ಭಿನ್ನಾರ್ಥಗಳನ್ನು ಹುಟ್ಟಿಸುವುದು. ಒಂದೇ ಉಪಸರ್ಗವು ಹಲವು ಧಾತುಗಳಿಗೆ ಹತ್ತುವಂತೆ, ಒಂದೇ ಉಪಗ್ರಹವು ಹಲವು ವೈರಾಣುಗಳನ್ನು ಆಶ್ರಯಿಸಬಲ್ಲುದು.

ಬೀಟಾ ಉಪಗ್ರಹಗಳಲ್ಲಿ ಭೇದಗಳು ಬಹಳ. ಬೀಟಾ-ಸಿ1 ಎಂಬ ಜೀನು ಮತ್ತು ಬಹುಮಟ್ಟಿಗೆ ಬದಲಾಗದ ಒಂದು ಭಾಗ ಇವುಗಳಿಗೆ ಸಮಾನ. ಆ ಜೀನಿನ ಪ್ರೋಟೀನು ಗಿಡದ ಸ್ವರಕ್ಷಣೆಯನ್ನು ಕುಗ್ಗಿಸುವುದು. ಉಳಿದ ಭಾಗಗಳು ವ್ಯತ್ಯಯದಿಂದಲೂ, ಅಣುಗಳ ಪರಸ್ಪರ ಖಂಡವಿನಿಮಯದಿಂದಲೂ ಬೇರೆಬೇರೆಯಾಗಿವೆ.

ಈ ವಿಚಾರವು ಕೇವಲ ಶಾಸ್ತ್ರಜಿಜ್ಞಾಸೆಯಲ್ಲ. ನಂಜನ್ನು ತಡೆವುದೆಂದು ಹೆಸರಾಗಿದ್ದ 'ಪೂಸಾ ಸಾವನಿ' ತಳಿಯೂ ಕಾಲಕ್ರಮದಲ್ಲಿ ಅದಕ್ಕೆ ವಶವಾಯಿತು. ಧಾತುವನ್ನಷ್ಟೇ ತಿಳಿದು ಉಪಸರ್ಗವನ್ನು ಮರೆತವನಿಗೆ ಅರ್ಥವು ತಪ್ಪುವುದು. ವೈರಾಣುವನ್ನಷ್ಟೇ ನೋಡಿ ತಳಿಯನ್ನು ಆರಿಸಿದರೆ ಒಕ್ಕಲಿಗನ ಬೆಳೆಯೇ ತಪ್ಪಬಹುದು.