ಶುಲ್ಕವಿಲ್ಲದ ಕಲಾಶಾಲೆಯಲ್ಲಿ ಪೋಷಕರ ಪಾಲು

ದಕ್ಷಿಣ ಕ್ಯಾಲಿಫೋರ್ನಿಯಾದ ಸಾಂತಾ ಆನಾ ನಗರದ ಪೇಟೆ ನಡುವೆ ಆರೆಂಜ್ ಕೌಂಟಿ ಸ್ಕೂಲ್ ಆಫ್ ದಿ ಆರ್ಟ್ಸ್ ಎಂಬ ಶಾಲೆಯಿದೆ. ಏಳರಿಂದ ಹನ್ನೆರಡನೇ ತರಗತಿವರೆಗಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಅಲ್ಲಿ ಓದುತ್ತಾರೆ. ಗಣಿತ, ವಿಜ್ಞಾನ, ಇಂಗ್ಲಿಷ್, ಚರಿತ್ರೆಯ ಪಾಠಗಳೆಲ್ಲ ಮಧ್ಯಾಹ್ನ ಎರಡರ ಸುಮಾರಿಗೆ ಮುಗಿಯುತ್ತವೆ. ಅಲ್ಲಿಂದ ಸಂಜೆ ಐದರ ಹೊತ್ತಿನವರೆಗೆ ಕಲೆಯದೇ ಕಾರುಬಾರು: ಅಭಿನಯ, ಮ್ಯೂಸಿಕಲ್ ಥಿಯೇಟರ್, ವಾದ್ಯಸಂಗೀತ, ಬ್ಯಾಲೆ, ಚಿತ್ರಕಲೆ, ಸಿನಿಮಾ, ಸೃಜನಶೀಲ ಬರವಣಿಗೆ, ರಂಗಸಜ್ಜಿಕೆ, ಅಡುಗೆ ಕಲೆ ಕೂಡ. ಒಂದೊಂದು ವಿಭಾಗಕ್ಕೂ ಕನ್ಸರ್ವೇಟರಿ ಎಂದು ಹೆಸರು. ಸೇರುವಾಗಲೇ ಮಗು ಒಂದನ್ನು ಆರಿಸಿಕೊಳ್ಳಬೇಕು. 1987ರಲ್ಲಿ ಲಾಸ್ ಅಲಮಿಟೋಸ್ ಹೈಸ್ಕೂಲಿನಲ್ಲಿ ಸಂಗೀತ ಶಿಕ್ಷಕ ರಾಲ್ಫ್ ಒಪಾಸಿಕ್ ಶುರುಮಾಡಿದ ಈ ಕಾರ್ಯಕ್ರಮ 2000ದಲ್ಲಿ ಸಾಂತಾ ಆನಾಕ್ಕೆ ಬಂದು ಚಾರ್ಟರ್ ಶಾಲೆಯಾಯಿತು. ಹಾಲಿವುಡ್ ನಟ ಪೆದ್ರೋ ಪ್ಯಾಸ್ಕಲ್ 1993ರಲ್ಲಿ ಈ ಕಾರ್ಯಕ್ರಮದಿಂದಲೇ ಹೊರಬಂದವರು. ಇಷ್ಟೆಲ್ಲ ಇದ್ದೂ ಶಾಲೆಗೆ ಶುಲ್ಕವಿಲ್ಲ. ಇದು ಸರ್ಕಾರದ ಹಣದಲ್ಲಿ ನಡೆಯುವ ಸಾರ್ವಜನಿಕ ಶಾಲೆ. ಆದರೆ ಸರ್ಕಾರ ಕೊಡುವ ಹಣ ಪಾಠಕ್ಕೆ ಸಾಲುತ್ತದೆ, ಮಧ್ಯಾಹ್ನದ ಮೇಲಿನ ಕಲೆಗೆ ಸಾಲುವುದಿಲ್ಲ. ಆ ಅಂತರವನ್ನು ತುಂಬುವವರಲ್ಲಿ ತಂದೆ ತಾಯಂದಿರೇ ಮುಖ್ಯರು, ಹಣ ಕೊಟ್ಟು, ಸಮಯ ಕೊಟ್ಟು, ಕಾರು ಓಡಿಸಿ. ಹಾಗಾಗಿ ಇಂಥ ಶಾಲೆಯ ಯೋಗ್ಯತೆಯನ್ನು ಅದರ ರಂಗದ ಮೇಲೆ ನೋಡಿ ಅಳೆದರೆ ಸಾಲದು, ಯಾವ ಪೋಷಕರ ಮಕ್ಕಳು ಅದರ ಬಾಗಿಲವರೆಗೆ ಬರಲು ಸಾಧ್ಯವಾಯಿತು ಎಂಬುದನ್ನೂ ನೋಡಬೇಕು ಎಂಬುದು ನನ್ನ ವಾದ.

ಚಾರ್ಟರ್ ಶಾಲೆಯನ್ನು ನಮ್ಮ ಅನುದಾನಿತ ಶಾಲೆಯ ಪಕ್ಕದಲ್ಲಿಟ್ಟು ನೋಡಿದರೆ ಬೇಗ ಅರ್ಥವಾಗುತ್ತದೆ. ಅಲ್ಲಿಯೂ ಹಣ ಸರ್ಕಾರದ್ದು, ಆಡಳಿತ ಖಾಸಗಿ ಮಂಡಳಿಯದು. ಆದರೆ ಅನುದಾನ ಬರುವುದು ಮಂಜೂರಾದ ಹುದ್ದೆಗಳ ಲೆಕ್ಕದಲ್ಲಲ್ಲ, ಮಕ್ಕಳ ತಲೆಲೆಕ್ಕದಲ್ಲಿ. ಜೊತೆಗೆ ಚಾರ್ಟರ್ ಎಂಬ ಪರವಾನಗಿಗೆ ಅವಧಿ ಇರುತ್ತದೆ, ಅದು ಮುಗಿದಾಗ ಶಾಲೆ ತನ್ನ ಕೆಲಸ ತೋರಿಸಿ ನವೀಕರಿಸಿಕೊಳ್ಳಬೇಕು. 1988ರಲ್ಲಿ ಶಿಕ್ಷಕರ ಸಂಘದ ನಾಯಕ ಆಲ್ಬರ್ಟ್ ಶಾಂಕರ್ ಈ ಕಲ್ಪನೆಗೆ ಪ್ರಚಾರ ಕೊಟ್ಟರು. 1991ರಲ್ಲಿ ಮಿನ್ನೆಸೋಟ ಮೊದಲ ಕಾನೂನು ಮಾಡಿತು, ಮರುವರ್ಷ ಕ್ಯಾಲಿಫೋರ್ನಿಯಾ. ಕಲೆಗೆಂದೇ ಚಾರ್ಟರ್ ಶಾಲೆ ಬೇಕು ಎಂದು ಕ್ಯಾಲಿಫೋರ್ನಿಯಾದ ಪೋಷಕರಿಗೆ ಅನ್ನಿಸಿದ್ದಕ್ಕೆ ಇನ್ನೂ ಹಳೆಯ ಕಾರಣವಿದೆ. 1978ರಲ್ಲಿ ಅಲ್ಲಿನ ಮತದಾರರು 13ನೇ ಪ್ರಸ್ತಾವವನ್ನು ಒಪ್ಪಿ ಆಸ್ತಿ ತೆರಿಗೆಗೆ ಕಡಿವಾಣ ಹಾಕಿದರು. ಶಾಲೆಗಳ ಆದಾಯ ಕುಸಿಯಿತು. ಹಣ ಕಡಿಮೆಯಾದಾಗ ಯಾವ ಊರಿನ ಶಾಲೆಯಾದರೂ ಮೊದಲು ಕೈಬಿಡುವುದು ಸಂಗೀತವನ್ನೂ ಚಿತ್ರಕಲೆಯನ್ನೂ. ಅಲ್ಲಿಯೂ ಹಾಗೇ ಆಯಿತು. ಮನೆ ಹತ್ತಿರದ ಶಾಲೆಯಲ್ಲಿ ವಯೋಲಿನ್ ಮೇಷ್ಟ್ರು ಇಲ್ಲವಾದ ಮೇಲೆ, ಅವರಿರುವ ಶಾಲೆಯನ್ನು ದೂರದಲ್ಲಾದರೂ ಹುಡುಕಿಕೊಂಡು ಹೋಗುವುದು ತಂದೆ ತಾಯಿಯ ಪಾಲಿಗೆ ಬಂತು.

ಹುಡುಕಿಕೊಂಡು ಹೋದವರಿಗೆ ಅಲ್ಲಿ ಸಿಗುವುದು ಅಲ್ಪವೇನಲ್ಲ. ಸಾಮಾನ್ಯ ಶಾಲೆಯಲ್ಲಿ ಸದಾ ಹಾಡು ಗುನುಗುವ, ನೋಟ್ ಪುಸ್ತಕದ ಅಂಚಿನಲ್ಲಿ ಚಿತ್ರ ಬರೆಯುವ ಮಗು ಒಂಟಿಯಾಗಿರುತ್ತದೆ. ಇಲ್ಲಿ ತರಗತಿ ತುಂಬ ತನ್ನಂಥವರೇ. ಕಲಿಸುವವರಲ್ಲಿ ಅನೇಕರು ಆಯಾ ಕಲೆಯಲ್ಲೇ ಬದುಕು ನಡೆಸುವವರು. ತಿದ್ದುವಾಗ ಪಠ್ಯಪುಸ್ತಕದ ಮಾತಾಡುವುದಿಲ್ಲ, ನಾಳೆ ಪ್ರದರ್ಶನವಿದೆ ಎಂಬಂತೆ ತಿದ್ದುತ್ತಾರೆ. ನಾಟಕದ ದಿನ ಗೊತ್ತಾದ ಮೇಲೆ ಮಗು ಹೊತ್ತಿಗೆ ಸರಿಯಾಗಿ ಬರುವುದನ್ನೂ ಇನ್ನೊಬ್ಬರ ಸರದಿಗೆ ಕಾಯುವುದನ್ನೂ ಯಾರೂ ಹೇಳದೆ ಕಲಿಯುತ್ತದೆ. ಓದು ಹಿಂದೆ ಬೀಳುತ್ತದೆ ಎಂಬುದು ಪೋಷಕರ ಮೊದಲ ಭಯ, ನಮ್ಮ ಸಿಇಟಿ ಮನಸ್ಸಿಗೆ ಅದು ಇನ್ನೂ ದೊಡ್ಡ ಭಯ. ಆದರೆ ಪರೀಕ್ಷೆ, ಪಠ್ಯಗಳ ವಿಷಯದಲ್ಲಿ ಚಾರ್ಟರ್ ಶಾಲೆಗೂ ಉಳಿದ ಸಾರ್ವಜನಿಕ ಶಾಲೆಗಳ ಅಳತೆಗೋಲೇ ಅನ್ವಯ, ಪರವಾನಗಿ ನವೀಕರಣ ನಿಂತಿರುವುದೂ ಅದರ ಮೇಲೆಯೇ. ಅದಕ್ಕಿಂತ ಮುಖ್ಯವಾಗಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಪ್ರತಿ ವಿದ್ಯಾರ್ಥಿಯೂ ಹೈಸ್ಕೂಲಿನಲ್ಲಿ ಒಂದು ವರ್ಷ ದೃಶ್ಯಕಲೆಯನ್ನೋ ಪ್ರದರ್ಶನ ಕಲೆಯನ್ನೋ ಓದಿರಲೇಬೇಕು, ಮುಂದೆ ಎಂಜಿನಿಯರಿಂಗ್ ಓದುವವನಾದರೂ ಸರಿ. ಕಲೆಯನ್ನು ಓದಿನ ಶತ್ರುವೆಂದು ಅಲ್ಲಿನ ವ್ಯವಸ್ಥೆ ಭಾವಿಸಿಲ್ಲ. ಆದ್ದರಿಂದ ಈ ಭಯವನ್ನು ಇಲ್ಲಿಗೇ ಬಿಡಬಹುದು.

ಬಿಡಲಾಗದ ಪ್ರಶ್ನೆ ಪ್ರವೇಶದ್ದು. ಸಾಮಾನ್ಯವಾಗಿ ಚಾರ್ಟರ್ ಶಾಲೆಗೆ ಸೀಟಿಗಿಂತ ಹೆಚ್ಚು ಅರ್ಜಿ ಬಂದರೆ ಲಾಟರಿ ಎತ್ತುತ್ತಾರೆ. ಸಾಂತಾ ಆನಾದ ಈ ಶಾಲೆ ಹೆಸರು ಮಾಡಿದ್ದು ಆಡಿಷನ್ ಮೂಲಕ ಮಕ್ಕಳನ್ನು ತೆಗೆದುಕೊಂಡು. ಮ್ಯೂಸಿಕಲ್ ಥಿಯೇಟರ್ ಆಡಿಷನ್‌ಗಳಲ್ಲಿ ಅಮೆರಿಕದ ರೂಢಿ ಏನೆಂದರೆ ಹಾಡಿನ 16 ಬಾರ್ (ತಾಳದ ಆವರ್ತ), ಹೆಚ್ಚೆಂದರೆ 32 ಬಾರ್ ಹಾಡಿಸುವುದು. ನಡಿಗೆ ಚುರುಕಾಗಿರುವ ಹಾಡಿನಲ್ಲಿ 16 ಬಾರ್ ಅಂದರೆ ಅರ್ಧ ನಿಮಿಷ. ಹನ್ನೊಂದು ಹನ್ನೆರಡು ವಯಸ್ಸಿನ ಮಗು ಕೋಣೆಗೆ ಬಂದು, ಹೆಸರು ಹೇಳಿ, ಪಿಯಾನೋದವರಿಗೆ ಸ್ವರಲಿಪಿಯ ಹಾಳೆ ಕೊಟ್ಟು, ಎಷ್ಟು ವೇಗದಲ್ಲಿ ಬೇಕೆಂದು ತಿಳಿಸಿ, ಅರ್ಧ ನಿಮಿಷದಲ್ಲಿ ತನ್ನ ದನಿಯ ಎತ್ತರ, ಉಸಿರಿನ ಹಿಡಿತ, ಭಾವ ಎಲ್ಲವನ್ನೂ ತೋರಿಸಬೇಕು. ಹಾಡಿನ ಯಾವ ತುಣುಕು ಆರಿಸಿದರೆ ತನ್ನ ದನಿ ಚೆಲುವಾಗಿ ಕೇಳುತ್ತದೆ, ಆ ಹಾಳೆಯಲ್ಲಿ ಎಲ್ಲಿ ಗುರುತು ಹಾಕಿಕೊಡಬೇಕು ಎಂಬುದೆಲ್ಲ ಮಗುವಿಗೆ ತಾನಾಗಿ ಹೊಳೆಯುವ ಸಂಗತಿಗಳಲ್ಲ. ವಾರಕ್ಕೊಮ್ಮೆ ದುಡ್ಡು ತೆಗೆದುಕೊಂಡು ಹೇಳಿಕೊಡುವ ಗುರು ಇದ್ದರೆ ಗೊತ್ತಿರುತ್ತದೆ. ಹೀಗಾಗಿ ಆ ಕೋಣೆಯಲ್ಲಿ ಕುಳಿತವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವರ ಕಿವಿಗೆ ಬೀಳುವುದು ಮಗುವಿನ ಪ್ರತಿಭೆಯೊಂದೇ ಅಲ್ಲ. ತಂದೆ ತಾಯಿ ಮೂರು ನಾಲ್ಕು ವರ್ಷ ಖಾಸಗಿ ಪಾಠಕ್ಕೆ ಸುರಿದ ಹಣವೂ ಆ ಅರ್ಧ ನಿಮಿಷದಲ್ಲಿ ಹಾಡುತ್ತಿರುತ್ತದೆ.

ಸೀಟು ಸಿಕ್ಕ ಮೇಲೆ ಪೋಷಕರ ಎರಡನೇ ಅಧ್ಯಾಯ ಶುರು. ನೂರಕ್ಕೂ ಹೆಚ್ಚು ಊರುಗಳಿಂದ ಮಕ್ಕಳು ಬರುತ್ತಾರೆ ಎಂದು ಈ ಶಾಲೆ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಅದೇ ಮಾತನ್ನು ತಾಯಂದಿರ ಕಡೆಯಿಂದ ಕೇಳಿದರೆ ಬೆಳಿಗ್ಗೆ ಸಂಜೆ ಫ್ರೀವೇಯ ಮೇಲೆ ಕಳೆಯುವ ಗಂಟೆಗಳ ಲೆಕ್ಕ ಸಿಗುತ್ತದೆ. ಮಾಮೂಲಿ ಶಾಲೆಯ ಹಳದಿ ಬಸ್ಸು ಇಷ್ಟು ದೂರಕ್ಕೆ ಬರುವುದಿಲ್ಲ. ತಾಲೀಮಿದ್ದ ದಿನ ಐದು ಗಂಟೆ ಎನ್ನುವುದು ಏಳಾಗುತ್ತದೆ, ಎಂಟಾಗುತ್ತದೆ. ಪಾಳಿಯಲ್ಲಿ ದುಡಿಯುವ, ಒಂದೇ ಕಾರಿರುವ ಮನೆಯವರು ಇದನ್ನು ಹೇಗೆ ನಿಭಾಯಿಸಬೇಕು? ಉಡುಪು ಹೊಲಿಯಲು, ಟಿಕೆಟ್ ಮಾರಲು, ಪರದೆ ಕಟ್ಟಲು ಇಂಥ ಶಾಲೆಗಳಲ್ಲಿ ಪೋಷಕರ ಕೈ ಬೇಕೇ ಬೇಕು. ಹಿಂದೆ ಕ್ಯಾಲಿಫೋರ್ನಿಯಾದ ಹಲವು ಚಾರ್ಟರ್ ಶಾಲೆಗಳು ಇಂತಿಷ್ಟು ಗಂಟೆ ಸ್ವಯಂಸೇವೆ ಮಾಡಲೇಬೇಕೆಂದು ನಿಯಮ ಮಾಡಿಕೊಂಡಿದ್ದವು. ಇದು ಕಾನೂನುಬಾಹಿರ ಎಂದು 2014ರಲ್ಲಿ ಪಬ್ಲಿಕ್ ಅಡ್ವೊಕೇಟ್ಸ್ ಎಂಬ ಸಂಸ್ಥೆ ವರದಿ ಕೊಟ್ಟಿತು. 2017ರ ಕಾನೂನು ವಿಷಯವನ್ನು ಖಚಿತಗೊಳಿಸಿತು: ಪೋಷಕರು ಕೆಲಸ ಮಾಡಿಕೊಡುವುದು ಪ್ರವೇಶಕ್ಕಾಗಲಿ ಮುಂದುವರಿಯುವುದಕ್ಕಾಗಲಿ ಷರತ್ತಾಗಕೂಡದು.

ಹಣದ ಮಾತು ಇದಕ್ಕಿಂತ ಸೂಕ್ಷ್ಮ. ಸಾಂತಾ ಆನಾ ಶಾಲೆ ಕನ್ಸರ್ವೇಟರಿ ವೆಚ್ಚಕ್ಕಾಗಿ ಪ್ರತಿ ಕುಟುಂಬದಿಂದ ವರ್ಷಕ್ಕೆ ಸಾವಿರಾರು ಡಾಲರ್ ದೇಣಿಗೆ ಕೇಳುತ್ತದೆ. ಇದು ಸ್ವಯಂಪ್ರೇರಿತ, ಕೊಡದಿದ್ದವರ ಮಗುವಿಗೆ ಏನೂ ಆಗುವುದಿಲ್ಲ, ಕೊಡಬಲ್ಲವರು ಕೊಟ್ಟರೆ ಕೊಡಲಾಗದವರ ಮಗುವೂ ಕಲಿಯುತ್ತದೆ ಎಂದು ಶಾಲೆಯ ಪರವಾದ ವಾದ. ಈ ವಾದದಲ್ಲಿ ಸತ್ಯಾಂಶವಿದೆ. ಕೊಡುವವರಿಲ್ಲದಿದ್ದರೆ ಮಧ್ಯಾಹ್ನದ ತರಗತಿಗಳೇ ನಿಂತುಹೋಗುತ್ತವೆ; ಆಗ ಬಡವರ ಮಗುವಿಗೂ ಇಲ್ಲ, ಉಳ್ಳವರ ಮಗುವಿಗೂ ಇಲ್ಲ. ಆದರೂ ನನಗೆ ಇದು ಪೂರ್ತಿ ಒಪ್ಪಿಗೆಯಲ್ಲ. ಕಾರಣ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಲ್ಲಿದೆ. 13ನೇ ಪ್ರಸ್ತಾವದ ಹೊಡೆತಕ್ಕೆ ಸಿಕ್ಕ ಸಾಂತಾ ಬಾರ್ಬರಾದ ಹೈಸ್ಕೂಲುಗಳು ನಾಟಕ, ಗಾಯನ, ವಾದ್ಯವೃಂದ, ಕ್ರೀಡೆಗಳಿಗೆ ತಲಾ 25 ಡಾಲರ್ ಶುಲ್ಕ ಹಾಕಿದ್ದವು. ಬಡ ಮಕ್ಕಳಿಗೆ ವಿನಾಯಿತಿಯೂ ಇತ್ತು. ಶಾಲಾ ಮಕ್ಕಳ ತಾಯಿಯೊಬ್ಬರು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ಹಾರ್ಟ್ಜೆಲ್ ಪ್ರಕರಣವೆಂದು ಹೆಸರಾದ ಅದರಲ್ಲಿ 1984ರಲ್ಲಿ ತೀರ್ಪು ಬಂತು. ನಾಟಕವೂ ಸಂಗೀತವೂ ಶಿಕ್ಷಣದ ಭಾಗವೇ, ಅವಕ್ಕೆ ಶುಲ್ಕ ಕೇಳುವಂತಿಲ್ಲ, ಬಡವರಿಗೆ ವಿನಾಯಿತಿ ಇದೆ ಎಂದ ಮಾತ್ರಕ್ಕೆ ಶುಲ್ಕ ಸಿಂಧುವಾಗುವುದಿಲ್ಲ ಎಂದು ಕೋರ್ಟು ಹೇಳಿತು. ಉಚಿತ ಶಿಕ್ಷಣ ಎಲ್ಲರ ಹಕ್ಕಾದ ಮೇಲೆ ಅದನ್ನು ಪಡೆಯಲು ಬಡತನವನ್ನು ರುಜುವಾತು ಮಾಡಿ ನಿಲ್ಲುವ ಪರಿಸ್ಥಿತಿ ಯಾವ ಮಗುವಿಗೂ ಬರಬಾರದು. ದೇಣಿಗೆ ಶುಲ್ಕವಲ್ಲ, ಸರಿ. ಆದರೆ ಪ್ರತಿ ವರ್ಷ ಕಾಗದ ಬಂದಾಗ ಕೊಡಲಾಗದ ತಾಯಿ ತನ್ನ ಮನಸ್ಸಿನಲ್ಲಿ ಅದೇ ರುಜುವಾತು ಕೊಡುತ್ತಿರುತ್ತಾಳೆ. ಅನೇಕರು ಆ ಮುಜುಗರದ ಸುದ್ದಿ ಕೇಳಿಯೇ ಅರ್ಜಿ ಹಾಕದೆ ಉಳಿಯಬಹುದು. ಹಾಕದ ಅರ್ಜಿಯ ಲೆಕ್ಕ ಯಾವ ದಫ್ತರದಲ್ಲೂ ಇರುವುದಿಲ್ಲ.

ಸಾಂತಾ ಆನಾದಲ್ಲಿ ಈ ಪ್ರಶ್ನೆ ಬಹಿರಂಗ ಜಗಳವೇ ಆಯಿತು. ನಗರದ ಬಹುಪಾಲು ಜನ ಲ್ಯಾಟಿನೋ ಮೂಲದವರು, ದುಡಿಯುವ ವರ್ಗದವರು. ತನ್ನ ನೆಲದಲ್ಲಿರುವ ಶಾಲೆಯ ತರಗತಿಗಳಲ್ಲಿ ತನ್ನ ಊರಿನ ಮಕ್ಕಳ ಪ್ರಮಾಣ ಕಡಿಮೆ ಎಂದು ಸ್ಥಳೀಯ ಶಾಲಾ ಜಿಲ್ಲೆ ಆಕ್ಷೇಪಿಸಿತು. ವಿಶೇಷ ಅಗತ್ಯದ ಮಕ್ಕಳ ಶಿಕ್ಷಣ ವೆಚ್ಚದ ಬಾಕಿಯೆಂದು 2019ರಲ್ಲಿ ಸುಮಾರು 1.95 ಕೋಟಿ ಡಾಲರ್ ಕೇಳಿತು. ಶಾಲೆ ಇದನ್ನು ಒಪ್ಪಲಿಲ್ಲ. ವಿವಾದ ಕೋರ್ಟಿನ ಮೆಟ್ಟಿಲೇರಿತು. 2020ರಲ್ಲಿ ಶಾಲೆ, ಅದುವರೆಗೆ ಪರವಾನಗಿ ಕೊಡುತ್ತಿದ್ದ ಜಿಲ್ಲೆಯನ್ನು ಬಿಟ್ಟು, ಕೌಂಟಿಯ ಶಿಕ್ಷಣ ಮಂಡಳಿಯಿಂದ ಪರವಾನಗಿ ಪಡೆಯಿತು. ಲೆಕ್ಕದ ಸರಿತಪ್ಪು ಏನೇ ಇರಲಿ, ಎರಡು ವರ್ಷ ಮಗುವನ್ನು ಅಲ್ಲಿಗೆ ಒಯ್ದು ತಂದ ತಂದೆ ತಾಯಿಗೆ ಆ ತಿಂಗಳುಗಳಲ್ಲಿ ಇದ್ದದ್ದು ಒಂದೇ ಚಿಂತೆ: ಮುಂದಿನ ವರ್ಷ ಶಾಲೆ ಇರುತ್ತದೆಯೇ? ಈ ಶಾಲೆ ಉಳಿಯಿತು. 1999ರಲ್ಲಿ ಫಿಲಡೆಲ್ಫಿಯಾದಲ್ಲಿ ವಾಸ್ತುಶಿಲ್ಪ ಮತ್ತು ವಿನ್ಯಾಸಕ್ಕೆಂದು ಶುರುವಾದ ಚಾರ್ಟರ್ ಹೈಸ್ಕೂಲು 2020ರಲ್ಲಿ ಮುಚ್ಚಿಹೋಯಿತು.

ಆಡಿಷನ್ ಇಲ್ಲದಿದ್ದರೆ ಕಲಾಶಾಲೆ ಕಲಾಶಾಲೆಯಾಗಿ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಹದಿನೇಳರ ಹುಡುಗನನ್ನು ವೃತ್ತಿಪರ ತರಬೇತಿಗೆ ಆರಿಸುವಾಗ ಆ ಮಾತು ಸರಿ. ನೀನಾಸಂ ರಂಗಶಿಕ್ಷಣ ಕೇಂದ್ರ ಸಂದರ್ಶನ ಮಾಡಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ, ಅದರಲ್ಲಿ ಯಾರಿಗೂ ತಕರಾರಿಲ್ಲ. ಅಲ್ಲಿಗೆ ಬರುವವರು ದೊಡ್ಡವರು. ಏಳನೇ ತರಗತಿಯ ಮಗುವಿನ ವಿಷಯ ಬೇರೆ. ಆ ವಯಸ್ಸಿನಲ್ಲಿ ಕಾಣುವುದು ಸಿದ್ಧತೆ, ಸಾಮರ್ಥ್ಯವಲ್ಲ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ 13ನೇ ಕಲಮಿನಲ್ಲಿ ಕ್ಯಾಪಿಟೇಷನ್ ಶುಲ್ಕವನ್ನೂ, ಮಗುವನ್ನೋ ಪೋಷಕರನ್ನೋ ಪರೀಕ್ಷಿಸಿ ಸೇರಿಸಿಕೊಳ್ಳುವುದನ್ನೂ ಒಂದೇ ಏಟಿಗೆ ನಿಷೇಧಿಸಿದೆ. ಎರಡೂ ಒಂದೇ ಬೇರಿನವು ಎಂದು ನಮ್ಮ ಶಾಸಕರಿಗೆ ಹೊಳೆದದ್ದು ದೊಡ್ಡ ವಿವೇಕ. ಇಷ್ಟವಿಲ್ಲದಿದ್ದರೆ ಬೇರೆಡೆ ಹೋಗಲಿ, ಈ ಶಾಲೆಗೆ ಬನ್ನಿರೆಂದು ಯಾರೂ ಬಲವಂತ ಮಾಡಿಲ್ಲವಲ್ಲ ಎಂಬ ಇನ್ನೊಂದು ಮಾತೂ ಇದೆ. ಆಯ್ಕೆ ಎನ್ನುವುದು ಕಾರು, ಬಿಡುವು, ಮಾಹಿತಿ ಮೂರೂ ಇದ್ದವರಿಗೆ ಇರುವ ಸೌಲಭ್ಯ. ಉಳಿದವರಿಗೆ ಮನೆ ಹತ್ತಿರದ ಶಾಲೆಯೇ ಗತಿ, ಆ ಶಾಲೆಯಲ್ಲಿ ಕಲೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅದಕ್ಕೇ ಕ್ಯಾಲಿಫೋರ್ನಿಯಾದ ಮತದಾರರು 2022ರ ನವೆಂಬರಿನಲ್ಲಿ ಒಪ್ಪಿದ 28ನೇ ಪ್ರಸ್ತಾವ ನನಗೆ ಯಾವ ಪ್ರತಿಷ್ಠಿತ ಕಲಾಶಾಲೆಗಿಂತ ದೊಡ್ಡದಾಗಿ ಕಾಣುತ್ತದೆ. ರಾಜ್ಯದ ಎಲ್ಲ ಸಾರ್ವಜನಿಕ ಶಾಲೆಗಳ ಕಲಾಶಿಕ್ಷಣಕ್ಕೆ ವರ್ಷಕ್ಕೆ ಹತ್ತಿರಹತ್ತಿರ 100 ಕೋಟಿ ಡಾಲರ್ ಪ್ರತ್ಯೇಕವಾಗಿ ಇಡಬೇಕು. ಅದರಲ್ಲಿ ಶೇ 30 ಭಾಗವನ್ನು ಬಡ ಮಕ್ಕಳ ಪ್ರಮಾಣ ನೋಡಿ ಹಂಚಬೇಕು. 500 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಶೇ 80 ಹಣ ಕಲಾಶಿಕ್ಷಕರ ನೇಮಕಕ್ಕೇ ಹೋಗಬೇಕು. ಹಣ ಬಂದ ಮಾತ್ರಕ್ಕೆ ಮೇಷ್ಟ್ರು ಬರುವುದಿಲ್ಲ ಎಂಬುದೂ ಬೇಗ ಗೊತ್ತಾಯಿತು. ಈ ಹಣವನ್ನು ಹೊಸ ನೇಮಕಕ್ಕೆ ಬಳಸದೆ ಹಳೆಯ ಖರ್ಚಿಗೆ ಸೇರಿಸಿಕೊಂಡಿದ್ದಾರೆಂದು ಆರೋಪಿಸಿ 2025ರಲ್ಲಿ ಲಾಸ್ ಏಂಜಲೀಸ್ ಶಾಲಾ ಜಿಲ್ಲೆಯ ಮೇಲೆ ಕೋರ್ಟಿಗೆ ಹೋದವರಲ್ಲಿ ವಿದ್ಯಾರ್ಥಿಗಳ ಪೋಷಕರೂ ಇದ್ದರು. ಇವರೂ ಮಕ್ಕಳ ಕಲೆಗಾಗಿ ಸಮಯ ಕೊಟ್ಟ ತಂದೆ ತಾಯಂದಿರೇ, ಆದರೆ ಅವರ ದುಡಿಮೆ ಊರಿನ ಎಲ್ಲ ಮಕ್ಕಳ ಪರವಾಗಿತ್ತು. ನಮ್ಮಲ್ಲೂ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ಅರೆಕಾಲಿಕ ಕಲಾ ಬೋಧಕರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿದೆ. ನಿಮ್ಮ ಊರಿನ ಶಾಲೆಯಲ್ಲಿ ಇದ್ದಾರೆಯೇ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಒಮ್ಮೆ ಕೇಳಿ.

ಕ್ಯಾಲಿಫೋರ್ನಿಯಾದಲ್ಲಿದ್ದು ಮಗಳನ್ನೋ ಮಗನನ್ನೋ ಇಂಥ ಶಾಲೆಗೆ ಸೇರಿಸಲು ಯೋಚಿಸುತ್ತಿರುವ ಕನ್ನಡದ ತಂದೆ ತಾಯಂದಿರು ಶಾಲೆ ಒಳ್ಳೆಯದಿದ್ದರೆ ಖಂಡಿತ ಸೇರಿಸಲಿ. ಸಂಜೆ ಐದಕ್ಕೆ ಕರೆತರುವವರು ಯಾರು, ವಾರಾಂತ್ಯದ ಸಂಗೀತ ಪಾಠಕ್ಕೂ ಕನ್ನಡ ಕಲಿ ತರಗತಿಗೂ ತಾಲೀಮಿಗೂ ಹೇಗೆ ಹೊಂದಿಸುವುದು ಎಂದು ಮೊದಲೇ ಮಾತಾಡಿಕೊಳ್ಳಲಿ. ಕೊಡಬಲ್ಲವರು ಧಾರಾಳವಾಗಿ ಕೊಡಲಿ. ಕೊಡಲಾಗದವರು ಒಂದನ್ನು ತಿಳಿದಿರಬೇಕು: ದೇಣಿಗೆ ಕೊಡಲಿಲ್ಲ, ಕೆಲಸಕ್ಕೆ ಬರಲಿಲ್ಲ ಎಂಬ ಕಾರಣಕ್ಕೆ ಮಗುವಿನ ಸೀಟು ತಪ್ಪಿಸುವ ಅಧಿಕಾರ ಆ ರಾಜ್ಯದ ಯಾವ ಚಾರ್ಟರ್ ಶಾಲೆಗೂ ಇಲ್ಲ. ಅಕ್ರಮವಾಗಿ ಶುಲ್ಕ ಕೇಳಿದರೆ ಹೆಸರು ಹೇಳದೆಯೂ ದೂರು ಕೊಡಬಹುದು.