ದರಕಿನೊಳಗಿನ ಜೀವ

ಜನವರಿ ನಡುವಿನ ಒಂದು ಬೆಳಗು. ಸೊರಬ, ಸಾಗರದ ಕಡೆ ಅಡಿಕೆ ಕೊಯ್ಲಿನ ಕಾಲ. ಅಂಗಳದ ಹಂಡೆಯಲ್ಲಿ ಅಡಿಕೆ ಬೇಯುತ್ತಿದೆ, ಒಗರು ವಾಸನೆಯ ಹಬೆ ಮಾಡಿನ ತನಕ ಏರಿದೆ. ತೋಟದಾಚೆಯ ಸೊಪ್ಪಿನ ಬೆಟ್ಟದಲ್ಲಿ ಇಬ್ಬರು ಹೆಂಗಸರು ದರಕು ಗುಡಿಸುತ್ತಿದ್ದಾರೆ. ಮತ್ತಿ, ಹೊನ್ನೆ, ನಂದಿ ಮರಗಳು ಉದುರಿಸಿದ ಎಲೆ ಕಾಲಡಿಯಲ್ಲಿ ಚರಚರ ಎನ್ನುತ್ತದೆ. ಹೆಡಿಗೆಯಲ್ಲಿ ತುಂಬಿ, ಕಾಲಿನಿಂದ ಅದುಮಿ, ಮತ್ತೆ ತುಂಬುತ್ತಾರೆ. ಇದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗಬೇಕು, ಸಗಣಿ ಸೇರಿ ಗೊಬ್ಬರವಾಗಬೇಕು, ಆಮೇಲೆ ಅಡಿಕೆ ಮರದ ಬುಡ ಸೇರಬೇಕು.

ಆ ದರಕಿನೊಳಗೆ, ಒಂದು ಒಣ ಎಲೆಯ ಅಂಚಿನಲ್ಲಿ, ಉಣುಗಿನ ಮರಿಯೊಂದು ಮುಂಗಾಲೆತ್ತಿ ನಿಂತಿದೆ. ರಾಗಿ ಕಾಳಿಗಿಂತಲೂ ಸಣ್ಣದು. ಕಣ್ಣಿಲ್ಲ. ಮುಂಗಾಲಿನ ತುದಿಯ ಪುಟ್ಟ ಕುಳಿಯೊಂದು ಇದರ ಮೂಗು. ಉಸಿರು, ಬೆವರು, ಮೈಯ ಬಿಸಿ ಎಲ್ಲ ಅದಕ್ಕೆ ಗೊತ್ತಾಗುತ್ತದೆ. ಓಡಲಾರದು, ಹಾರಲಾರದು, ತಿಂಗಳುಗಟ್ಟಲೆ ಕಾಯಬಲ್ಲದು. ಸೀರೆಯ ಅಂಚು ಸವರಿಕೊಂಡು ಹೋದರೆ ಸಾಕು.

ಆರು ಕಾಲಿನ ಎಳೆಮರಿಯಾಗಿದ್ದಾಗ ಇದು ಇಲಿಯದೋ ಮಂಗನದೋ ರಕ್ತ ಕುಡಿದು ಕಳಚಿಕೊಂಡಿತ್ತು. ಪೊರೆ ಬಿಟ್ಟು ಎಂಟು ಕಾಲು ಪಡೆಯಿತು. ಆ ಊಟದಲ್ಲಿ ಮಂಗನ ಕಾಯಿಲೆಯ ವೈರಸ್ಸಿದ್ದರೆ ಪೊರೆಯ ಜೊತೆ ಅದು ಕಳಚಿ ಹೋಗುವುದಿಲ್ಲ. ಒಂದು ಮಿಲಿಮೀಟರಿನಲ್ಲಿ ಸುಮಾರು 20,000 ಸಾಲಾಗಿ ನಿಲ್ಲಿಸಬಹುದಾದಷ್ಟು ಸಣ್ಣ ಈ ಜೀವಿ ಉಣುಗಿನ ಜೊಲ್ಲುಗ್ರಂಥಿಯಲ್ಲಿ ಮನೆ ಮಾಡಿಕೊಂಡಿರುತ್ತದೆ. ಉಣುಗಿಗೆ ಜ್ವರವಿಲ್ಲ, ತಲೆನೋವಿಲ್ಲ. ಅದರ ಹೊಟ್ಟೆಪಾಡು ನೋಡಿಕೊಳ್ಳುವ ಬೇರೆ ಒಕ್ಕಲೂ ಒಳಗುಂಟು: ಬರೀ ರಕ್ತ ಕುಡಿದರೆ ಬಿ ಜೀವಸತ್ವ ಸಾಲದು, ಅನೇಕ ಜಾತಿಯ ಉಣುಗುಗಳಲ್ಲಿ ಮೈಯೊಳಗಿನ ಬ್ಯಾಕ್ಟೀರಿಯಾಗಳೇ ಅದನ್ನು ಒದಗಿಸುತ್ತವೆ. ನಮಗೆ ಹುಳವಾಗಿ ಕಾಣುವುದು ಒಂದು ತುಂಬಿದ ಮನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮುಸುವ, ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನ ಜ್ವರದಿಂದ ಮಲಗಿದರು. ಆಫ್ರಿಕಾದ ಹಳದಿ ಜ್ವರ ಬಂದೇಬಿಟ್ಟಿತೆಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಗಾಬರಿ. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮುಂತಾದವರು ಹುಡುಕಿದಾಗ ಸಿಕ್ಕ ವೈರಸ್ಸಿನ ಹತ್ತಿರದ ನೆಂಟರು ಇದ್ದದ್ದು ರಷ್ಯದ ಕಾಡಿನಲ್ಲಿ. ಕಾಡಿನ ಹೆಸರು ವೈರಸ್ಸಿಗೆ ಬಂತು, ಊರವರ ಬಾಯಲ್ಲಿ ಮಾತ್ರ ಇದು ಮಂಗನ ಕಾಯಿಲೆ. ಪಾಪ, ಮಂಗ! ಅದೂ ನಮ್ಮ ಹಾಗೆಯೇ ಕಚ್ಚಿಸಿಕೊಂಡದ್ದು. ಅದು ಸತ್ತು ಮೈ ತಣ್ಣಗಾದ ಮೇಲೆ ಉಣುಗುಗಳು ಇಳಿದು ಸುತ್ತಲ ದರಕಿನಲ್ಲಿ ಹರಡುತ್ತವೆ. ಹೆಣ ಕಂಡಲ್ಲಿ ಆರೋಗ್ಯ ಇಲಾಖೆಯವರು ಬಂದು ನೆಲಕ್ಕೆ ಪುಡಿ ಎರಚುವುದು ಅದಕ್ಕೇ.

ದನಗಳದ್ದು ಇನ್ನೊಂದು ವಿಚಿತ್ರ. ಅವುಗಳಿಗೆ ಕಾಯಿಲೆಯಿಲ್ಲ, ಆದರೆ ಬೆಳೆದ ಹೆಣ್ಣು ಉಣುಗು ಮಳೆಗಾಲದಲ್ಲಿ ಅವುಗಳ ರಕ್ತ ಕುಡಿದು, ಉದ್ದಿನ ಕಾಳನ್ನೂ ಮೀರಿ ಊದಿ, ಕಾಡಂಚಿನಲ್ಲಿ ಉದುರಿ ರಾಶಿ ಮೊಟ್ಟೆಯಿಡುತ್ತದೆ. ಮಳೆ ನಿಂತ ಮೇಲೆ ಎಳೆಮರಿ, ಚಳಿ ಇಳಿಯುವಾಗ ಈ ಎಂಟು ಕಾಲಿನ ಮರಿ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಇದೇ. ಎಲೆ ಉದುರುವ, ಅಡಿಕೆ ಕೊಯ್ಯುವ, ದರಕು ಗುಡಿಸುವ ತಿಂಗಳುಗಳೂ ಇವೇ.

ದರಕು ಗುಡಿಸುವ ಇಬ್ಬರಲ್ಲಿ ಒಬ್ಬಳು ಬೆಟ್ಟಕ್ಕೆ ಹೊರಡುವಾಗ ಅತ್ತೆ ಜಗುಲಿಯಿಂದ ಕೂಗಿದ್ದರು: “ಎಣ್ಣೆ ಹಚ್ಕಂಡ್ಯನೇ?” ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆಶಾ ಕಾರ್ಯಕರ್ತೆ ಕೊಟ್ಟು ಹೋದ ಡೇಪಾ ಎಣ್ಣೆ. ದಶಕಗಳಿಂದ ಕೊಡುತ್ತಿದ್ದ ಲಸಿಕೆಯನ್ನು ಶಕ್ತಿ ಸಾಲದೆಂದು ನಿಲ್ಲಿಸಿದ ಮೇಲೆ ಈ ಬಾಟಲಿಯ ಮೇಲೇ ಭಾರ. ಸೊಸೆ ಕಾಲಿಗೆ ಸವರಿಕೊಂಡಿದ್ದಳು. ಕತ್ತು ಮರೆತಿತ್ತು.

ಸಂಜೆ ಹೆಡಿಗೆ ಕೊಟ್ಟಿಗೆಯಲ್ಲಿ ಬರಿದಾಗುತ್ತದೆ. ಉಟ್ಟ ಸೀರೆ ನೇರ ಕುದಿನೀರಿಗೆ. ಬಚ್ಚಲೊಲೆಯ ಬೆಳಕಿನಲ್ಲಿ ಅತ್ತೆ ಸೊಸೆಯ ಕಿವಿಯ ಹಿಂದೆ, ಕೂದಲ ಬುಡದಲ್ಲಿ ಬೆರಳಾಡಿಸಿ ನೋಡುತ್ತಾರೆ. ಒಂದು ಸಿಗುತ್ತದೆ, ಇನ್ನೂ ಕಚ್ಚಿಲ್ಲ. ಒಲೆಯ ಕೆಂಡಕ್ಕೆ ಬಿದ್ದು ಚಿಟ್ಟೆನ್ನುತ್ತದೆ.

“ನಾಳೆ ಎಷ್ಟು ಹೆಡಿಗೆ?” ಅತ್ತೆ ಕೇಳುತ್ತಾರೆ.

“ಇನ್ನೂ ಇಪ್ಪತ್ತಾದ್ರೂ ಬೇಕು.”